ಅವ್ವ ಶಿರಾಕ್ಕೆ ಬಂದದ್ದು

ಕೊರಟಗೆರೆಯಲ್ಲಿ ನಾನೀಗ ಬಾಡಿಗೆಗಿರುವ ಮನೆಯ ಪಕ್ಕದವರು ಮೊನ್ನೆ ಭಾನುವಾರ ಹಳೆಯ ದಿಂಬುಗಳನ್ನು ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹರವಿದ್ದರು. ಬೂರುಗದ ಹತ್ತಿ ಕಾದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಧೂಳು, ಸ್ವಲ್ಪ ತಲೆಗೆ ಹಚ್ಚಿದ ಹಳೆಯ ಎಣ್ಣೆ. ಮೂಗಿಗೆ ಅದು ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ತಿದ್ದಬೇಕಿದ್ದ ಮಕ್ಕಳ ಉತ್ತರ ಪತ್ರಿಕೆಗಳನ್ನು ತೆಗೆದು ಮತ್ತೆ ಮುಚ್ಚಿಟ್ಟೆ. ಹಾಸಿಗೆ ಹೊಲಿಯುವವರ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದವಳು ನಾನು. ನಿಮಗೂ ಅಂಥ ಮನೆಯೊಂದು ಇದ್ದಿದ್ದರೆ ಈ ಚಡಪಡಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮದು ಪಾವಗಡದ ಬಲಸಮುದ್ರ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಸಾಕಿದಳು. ಹೊಲಗಳು ಸೋಲಾರ್ ಪಾರ್ಕಿಗೆ ಹೋದ ಮೇಲೆ ಹೊಲದವರಿಗೆ ಬಾಡಿಗೆ ಬಂತು, ಕೂಲಿಯವರಿಗೆ ಕೆಲಸ ತಪ್ಪಿತು. ಅಜ್ಜಿಯನ್ನು ಊರಲ್ಲೇ ಬಿಟ್ಟು ಅಮ್ಮ ನನ್ನ ಜೊತೆ ಶಿರಾದ ಕಡಲೆಕಾಯಿ ಮಿಲ್ಲಿಗೆ ಬಂದಳು. ಇರಲು ಜಾಗ ಕೊಟ್ಟವರು ಬಾಷಾಸಾಬರು. ಮುಂದೆ ಅವರ ಹಾಸಿಗೆ ಅಂಗಡಿ, ನಡುವೆ ಮನೆ, ಹಿತ್ತಲಲ್ಲಿ ನಮ್ಮ ಒಂಟಿ ಕೋಣೆ. ಅವರ ಹೆಂಡತಿಯನ್ನು ಓಣಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದರು, ನಾನೂ. ಅವರ ಮನೆಮಾತು ಉರ್ದು, ನಮ್ಮದು ತೆಲುಗು. ನಲ್ಲಿಯ ಹತ್ತಿರ ಸೇರಿದಾಗ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದೆವು. ನನ್ನ ಕನ್ನಡ ಕೇಳಿ ಶಾಲೆಯಲ್ಲಿ ನಗುತ್ತಿದ್ದುದರಿಂದ ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೆ. ಬಾಷಾಸಾಬರಿಗೆ ಅದು ಹೇಗೋ ತಿಳಿಯಿತು. ಸಂಜೆ ಹತ್ತಿ ಮೂಟೆಯ ಮೇಲೆ ನನ್ನನ್ನು ಕೂರಿಸಿ, ಪಾಠವನ್ನು ಗಟ್ಟಿಯಾಗಿ ಓದು ಎನ್ನುತ್ತಿದ್ದರು. ಹತ್ತಿ ಹಿಂಜುವ ಮಿಷಿನ್ನಿನ ಸದ್ದು ಮೀರಿ ತಮಗೆ ಕೇಳಬೇಕು ಎಂಬುದೊಂದೇ ಅವರ ಷರತ್ತು. ನಾನು ಸೀನುತ್ತ ಕಿರುಚುತ್ತ ಓದುತ್ತಿದ್ದೆ.

ಹತ್ತನೇ ತರಗತಿಯಲ್ಲಿದ್ದಾಗ ಊರಲ್ಲಿ ಅವ್ವ ಬಿದ್ದು ಸೊಂಟ ಮುರಿದುಕೊಂಡಳು. ಅವ್ವ ಎಂದರೆ ನಮ್ಮಲ್ಲಿ ಅಜ್ಜಿ. ಅಮ್ಮ ಓಡಿದಳು. ಅವಳು ಹೋದಂದಿನಿಂದ ನನಗೆ ನೆಲೆ ತಪ್ಪಿತು. ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಪಾವಗಡದ ಬಸ್ಸುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಕೊನೆಗೆ ಅಮ್ಮನ ಫೋನು ಬಂತು. ನಾನು ಊರಿಗೆ ಬಂದು ಅವ್ವನನ್ನು ನೋಡಿಕೊಳ್ಳಬೇಕು, ತಾನು ಮಿಲ್ಲಿಗೆ ಮರಳಬೇಕು, ಇಲ್ಲದಿದ್ದರೆ ಮೂವರಿಗೂ ಊಟವಿಲ್ಲ, ಪರೀಕ್ಷೆ ಬೇಕಾದರೆ ಬರುವ ವರ್ಷ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ನಾನು ಬಟ್ಟೆ ತುಂಬಿಕೊಂಡೆ. ಬೂಬಮ್ಮ ಬ್ಯಾಗು ನೋಡಿದರು, ವಿಷಯ ಕೇಳಿದರು. ಬುರ್ಖಾ ಹಾಕಿಕೊಂಡು ಬಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತರು.

ಊರಲ್ಲಿ ಅವ್ವ ಹಗ್ಗದ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೂಬಮ್ಮ ಮಂಚದ ಹಗ್ಗ ಒತ್ತಿ ನೋಡಿ ಅಮ್ಮನ ಕಡೆ ತಿರುಗಿದರು.

"ಓದೋ ಹುಡ್ಗೀನ ಒಲೆ ಮುಂದೆ ಕೂರಿಸ್ಬೇಡ ಕಣಮ್ಮ. ನಿಮ್ಮಮ್ಮನ್ನ ನಮ್ಮನೆಗೆ ಕರ್ಕೊಂಡು ಬಾ."

"ನಾನು ಮಿಲ್ಲಿಗೆ ಹೋದ್ರೆ ಹಗಲೊತ್ತು ಎತ್ತಿ ಕೂರಿಸೋರು ಯಾರು? ಎಲ್ಲಾ ಹಾಸಿಗೇಲೇ ಆಗ್ಬೇಕು," ಎಂದಳು ಅಮ್ಮ.

"ಹಗಲೊತ್ತು ನಾನೂ ಸುಮ್ನೆ ಕುಂತಿರ್ತೀನಿ. ಇಬ್ರೂ ಕುಂತ್ಕೋತೀವಿ ಬುಡು."

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಿದ ಮೇಲೆ ಬಾಷಾಸಾಬರು ಹಾಸಿಗೆ ಸಾಗಿಸುವ ಲಗೇಜ್ ಆಟೋದಲ್ಲಿ ಹೊಸ ಹಾಸಿಗೆ ಹಾಕಿಸಿಕೊಂಡು ಬಂದರು. ಹೊಂಡ ಬಂದಲ್ಲೆಲ್ಲ ನಿಧಾನ ಮಾಡಿಸುತ್ತ ಅವ್ವನನ್ನು ಶಿರಾಕ್ಕೆ ತಂದರು.

ಅವ್ವ ಮೊದಮೊದಲು ಆ ಮನೆಯ ನೀರನ್ನೂ ಮುಟ್ಟಲಿಲ್ಲ. ಅಮ್ಮ ಬೆಳಗ್ಗೆಯೇ ಮುದ್ದೆ ಮಾಡಿ, ತಂಬಿಗೆಯಲ್ಲಿ ನೀರಿಟ್ಟು ಹೋಗುತ್ತಿದ್ದಳು. ಬೂಬಮ್ಮನಿಗೆ ಅರ್ಥವಾಗದೆ ಇರಲಿಲ್ಲ. ಅವರು ಮೈ ಒರೆಸಿದರು, ಬಟ್ಟೆ ಬದಲಿಸಿದರು, ಮಗ್ಗುಲು ಹೊರಳಿಸಿದರು, ತಿನ್ನೆಂದು ಮಾತ್ರ ಹೇಳಲಿಲ್ಲ. ಒಂದು ಮಧ್ಯಾಹ್ನ ಅವ್ವ ತಾನಾಗಿಯೇ ಕೈಸನ್ನೆ ಮಾಡಿ ಟೀ ಕೇಳಿದಳಂತೆ. ಸಂಜೆ ಅದನ್ನು ಕೇಳಿದ ಅಮ್ಮ ಮರುದಿನದಿಂದ ತಂಬಿಗೆಯಲ್ಲಿ ನೀರಿಟ್ಟು ಹೋಗುವುದನ್ನು ಬಿಟ್ಟಳು. ಆಮೇಲೆ ಶಾಲೆಯಿಂದ ಬರುವಾಗಲೆಲ್ಲ ನನಗೆ ಹಿತ್ತಲಿನಿಂದ ಎರಡು ದನಿ ಕೇಳಿಸುತ್ತಿದ್ದವು. ಒಬ್ಬರು ತೆಲುಗಿನಲ್ಲಿ ಮಳೆಯ ಮಾತಾಡಿದರೆ ಇನ್ನೊಬ್ಬರು ಉರ್ದುವಿನಲ್ಲಿ ಮಗಳ ಬಾಣಂತನದ ಮಾತಾಡುವರು. ನಾನು ಓದುತ್ತ ಒಂದು ಕಿವಿಯನ್ನು ಅತ್ತಲೇ ಇಟ್ಟಿರುತ್ತಿದ್ದೆ, ಇದೆಲ್ಲ ಯಾವ ಗಳಿಗೆಯಲ್ಲಿ ಮುರಿದು ಬೀಳುವುದೋ ಎಂಬ ಭಯದಲ್ಲಿ. ಮುರಿಯಲಿಲ್ಲ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಇನ್ನಾದರೂ ಹುಡುಗಿ ಹೊತ್ತಿಗೆ ಸರಿಯಾಗಿ ಮಲಗುತ್ತಾಳೆಯೇ ಎಂದು ಅವ್ವ ಕೇಳಿದಳು.

ನಾನು ಪಿಯುಸಿ ಓದುವಾಗ ಅವ್ವ ಅದೇ ಹಾಸಿಗೆಯ ಮೇಲೆ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ಬೂಬಮ್ಮ ನನ್ನ ಹತ್ತಿರ ಕೂತು, "ನಿಮ್ಮಜ್ಜಿ ಏನೇನೋ ಹೇಳೋಳು ಕಣಮ್ಮ. ನಂಗೆ ಒಂದೂ ತಿಳೀಲಿಲ್ಲ. ಈಗ ಮಧ್ಯಾಹ್ನ ಹೊತ್ತೇ ಹೋಗಲ್ಲ," ಎಂದರು. ಫೋಮ್ ಹಾಸಿಗೆಗಳು ಬಂದು ಮಿಷಿನ್ನು ನಿಂತಿತು. ಬಾಷಾಸಾಬರು ತೀರಿಕೊಂಡರು. ಮನೆ ಮಾರಿ ಬೂಬಮ್ಮ ಮಗಳ ಜೊತೆ ಹಿಂದೂಪುರಕ್ಕೆ ಹೋದರು. ಅವರೂ ಇಲ್ಲವೆಂದು ನಮಗೆ ತಿಳಿದಾಗ ಮಣ್ಣಾಗಿ ತಿಂಗಳುಗಳೇ ಕಳೆದಿದ್ದವು. ನಾನು ಟೀಚರಾದ ಸುದ್ದಿಯನ್ನು ಅವರಿಗೆ ಹೇಳಲಾಗಲಿಲ್ಲ.

ಆ ಭಾನುವಾರವೇ ತಡೆಯಲಾರದೆ ಶಿರಾದ ಬಸ್ಸು ಹತ್ತಿದೆ. ಆ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ, ಕೆಳಗೆ ಮೊಬೈಲ್ ಅಂಗಡಿ. ಅಂಗಡಿಯವರು ಯಾವ ಸಾಬರು ಎಂದು ಕೇಳಿದರು. ಓಣಿಯ ಆ ತುದಿಗೂ ಈ ತುದಿಗೂ ಸುಮ್ಮನೆ ನಡೆದಾಡುತ್ತಿದ್ದಾಗ ಅಮ್ಮನ ಫೋನು ಬಂತು, ಎಲ್ಲಿದ್ದೀಯ ಎಂದಳು. ಹೇಳಿದೆ. ಏಕೆ ಹೋದೆ ಎಂದು ಕೇಳಲಿಲ್ಲ. ಹಿತ್ತಲ ಬಾಗಿಲಾದರೂ ಉಳಿದಿದೆಯೇ ಎಂದು ತೆಲುಗಿನಲ್ಲಿ ಕೇಳಿದಳು. ಇಲ್ಲವೆಂದೆ. ಅವಳು ಫೋನು ಇಡಲಿಲ್ಲ, ನಾನು ಅದನ್ನು ಕಿವಿಗಿಟ್ಟುಕೊಂಡೇ ಬಸ್ ಸ್ಟ್ಯಾಂಡಿನ ಕಡೆ ನಡೆದೆ.