ಒಂದು ಅಂಗಿ, ಇಬ್ಬರು ರಾಜರು

ಬ್ಯಾಡಗಿಯಲ್ಲಿ ಫೆಬ್ರವರಿಯ ಬೆಳಗು ಮೊದಲು ಮೂಗಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಇನ್ನೂ ಯಾರೂ ಸೀನಿಲ್ಲ, ಯಾರೂ ಬಾಗಿಲು ತೆರೆದಿಲ್ಲ. ಹಂಚಿನ ಮನೆಯೊಂದರ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿದೆ. ಹಗ್ಗದ ಮೇಲೆ ಒಬ್ಬ ಮಂತ್ರಿ, ಇಬ್ಬರು ಸೇನಾಪತಿಗಳು, ಬಾಲವಿಲ್ಲದ ಒಬ್ಬ ಹನುಮಂತ, ರೆಕ್ಕೆ ಮಡಚಿದ ಒಂದಿಷ್ಟು ಪಾತರಗಿತ್ತಿಗಳು ತೂಗುತ್ತಿದ್ದಾರೆ. ಕಿಟಕಿಯಿಂದ ಗಾಳಿ ಬಂದಾಗ ಎಲ್ಲರೂ ಒಟ್ಟಿಗೆ ಒಂದೇ ಕಡೆ ವಾಲುತ್ತಾರೆ. ಒಳಗೆ ಮೈಯಿಲ್ಲ, ಬರೀ ಬಟ್ಟೆ. ಆದರೂ ಆ ಅರೆಗತ್ತಲಲ್ಲಿ ಅವರನ್ನು ಬಟ್ಟೆ ಎನ್ನಲು ಮನಸ್ಸು ಬರುವುದಿಲ್ಲ.

ಅವರ ಕಾಲಬುಡದಲ್ಲಿ, ಬೆಳಗಿನ ನಮಾಜು ಮುಗಿಸಿದ ಮುಮ್ತಾಜಬಿ ಚಾಪೆ ಹಾಸಿ ಕೂತಿದ್ದಾರೆ. ತೊಡೆಯ ಮೇಲೆ ಕೆಂಪು ಮಖಮಲ್ಲಿನ, ಜರಿಯಂಚಿನ ಉದ್ದನೆಯ ನಿಲುವಂಗಿ. ಓಣಿಯವರು ಅದನ್ನು ರಾಜಾಸಾಬ ಎಂದೂ ಕರೆಯುತ್ತಾರೆ. ಪಕ್ಕದಲ್ಲಿ ಕತ್ತರಿ ಇದೆ. ಕತ್ತರಿಯನ್ನು ಎತ್ತಿಕೊಳ್ಳುತ್ತಾರೆ, ಮತ್ತೆ ಚಾಪೆಯ ಮೇಲಿಡುತ್ತಾರೆ, ಅಂಗಿಯ ಮೇಲೆ ಅಂಗೈ ಆಡಿಸುತ್ತಾರೆ. ಮಖಮಲ್ಲು ಒಂದು ಕಡೆ ಸವರಿದರೆ ಕೆಂಪಾಗಿ, ಇನ್ನೊಂದು ಕಡೆ ಸವರಿದರೆ ಕಪ್ಪಾಗಿ ಕಾಣುತ್ತದೆ.

ಬಿಸಿಲೇರುವ ಹೊತ್ತಿಗೆ ಇಬ್ಬರು ಬರುವವರಿದ್ದಾರೆ. ಒಬ್ಬರು ಕದರಮಂಡಲಗಿಯ ಹೇಮಪ್ಪ ಮಾಸ್ತರು. ಇನ್ನೊಬ್ಬರು ರಾಣೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯ ಸುಲಭಾ ಅಕ್ಕೋರು. ಎರಡೂ ಶಾಲೆಗಳಲ್ಲಿ ಇವತ್ತೇ ಸಂಜೆ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಇಬ್ಬರಿಗೂ ಮುಮ್ತಾಜಬಿ ಮಾತು ಕೊಟ್ಟಿರುವುದು ಇದೇ ಕೆಂಪು ಅಂಗಿ. ಅತ್ತ ದರಿ, ಇತ್ತ ಪುಲಿ ಎನ್ನುವುದು ಇದಕ್ಕೇ.

ಸಂಕ್ರಾಂತಿ ಕಳೆದು ವಾರ್ಷಿಕ ಪರೀಕ್ಷೆ ಕಣ್ಣಿಗೆ ಬೀಳುವ ಮೊದಲು ಈ ಸೀಮೆಯ ಶಾಲೆಗಳಿಗೆ ಒಂದು ಹುಚ್ಚು ಹಿಡಿಯುತ್ತದೆ. ಬೆಳಿಗ್ಗೆ ಓಟ, ಜಿಗಿತ. ಸಂಜೆ ಹಾಡು, ನಾಟಕ, ಬಹುಮಾನ. ಹಾವೇರಿಯಿಂದ ಐರಣಿಯ ಹೊಳೆದಂಡೆಯ ತನಕ ಎಲ್ಲೇ ಒಬ್ಬ ಪುಟ್ಟ ರಾಜ ಸಿಂಹಾಸನ ಏರಿದರೂ ಅವನ ಮೈಮೇಲಿನ ಹೊಲಿಗೆ ಮುಮ್ತಾಜಬಿಯವರದು. ಉಳಿದ ದಿನಗಳಲ್ಲಿ ಅವರು ಓಣಿಯ ಹೆಂಗಸರೊಡನೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಹಾಗಾಗಿ ಅವರ ಉಡುಪುಗಳಿಗೂ ಆ ಘಾಟು ಹತ್ತಿದೆ. ದರ್ಬಾರಿನ ನಡುವೆ ಮಹಾರಾಜರು ಸೀನಿದರೆ ಜನ ಬ್ಯಾಡಗಿ ಡ್ರೆಸ್ಸು ಎಂದು ಗುರುತು ಹಿಡಿಯುತ್ತಾರೆ. ಮುಮ್ತಾಜಬಿಯವರಿಗೆ ಅದರಿಂದ ಬೇಸರವೇನಿಲ್ಲ. "ನಮ್ಮ ರಾಜಾಗೋಳೂ ಬ್ಯಾಡಗಿ ಕಾಯಿ ಇದ್ದಂಗ್ರಿ. ಬಣ್ಣ ಭಾಳ, ಖಾರ ಕಮ್ಮಿ" ಎಂದು ನಗುತ್ತಾರೆ.

ಅಳತೆ ಕೊಡಲು ಮಕ್ಕಳು ಇಲ್ಲಿಗೆ ಬರುವುದಿಲ್ಲ. ಮಕ್ಕಳ ದಾರ ಬರುತ್ತದೆ. ಶಾಲೆಯಲ್ಲಿ ಮಗುವನ್ನು ನಿಲ್ಲಿಸಿ ಭುಜದಿಂದ ಹಿಮ್ಮಡಿಯವರೆಗೆ ದಾರ ಹಿಡಿದು, ಎದೆಯ ಸುತ್ತಳತೆಗೆ ಒಂದು ಗಂಟು ಹಾಕಿ ಕಳಿಸುವುದು ಹಿಂದಿನಿಂದ ಬಂದ ರೂಢಿ. ಐರಣಿಯಿಂದ ಮೀನುಬಲೆಯ ನೂಲು ಬರುತ್ತದೆ. ರಾಣೆಬೆನ್ನೂರಿನಿಂದ ಬೀಜದ ಚೀಲ ಹೊಲಿಯುವ ಬಿಳಿ ದಾರ. ಕದರಮಂಡಲಗಿಯದು ಆಂಜನೇಯನ ಗುಡಿಯ ಮುಂದೆ ಹೂ ಕಟ್ಟುವ ದಾರ, ಕೆಲವೊಮ್ಮೆ ಒಂದೆರಡು ಎಸಳು ಇನ್ನೂ ಅಂಟಿಕೊಂಡಿರುತ್ತವೆ. ಗೋಡೆಯ ಮೊಳೆಗೆ ಈ ದಾರಗಳೆಲ್ಲ ಇಳಿಬಿದ್ದಿವೆ, ಗಾಳಿಗೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ.

"ದಾರ ಕೈಯಾಗ ಹಿಡದ್ರ ಹುಡುಗೂರನ್ನ ಕಂಡಂಗ ಆಗತೈತ್ರಿ" ಎನ್ನುತ್ತಾರೆ ಮುಮ್ತಾಜಬಿ. "ಹೆಸರು ಗೊತ್ತಿಲ್ಲ, ಮಾರಿ ಗೊತ್ತಿಲ್ಲ. ಆದ್ರ ಇದು ಎತ್ತರದ್ದು, ಇದು ಗುಂಡಗೈತಿ, ಇದು ಅಳತಿ ಹಿಡಿಯೂಮುಂದ ನಿಂತಲ್ಲೆ ನಿಂತಿಲ್ಲ, ಎಲ್ಲಾ ತಿಳೀತೈತಿ. ಕೆಲವ್ರು ದಾರ ಜಗ್ಗಿ ಜಗ್ಗಿ ಅಳೀತಾರ. ಆ ಮಾಸ್ತರ ಸಿಟ್ಟಿನವ ಇರಬೇಕು ಅಂತ ನಾನು ಎರಡು ಬಟ್ಟು ಸಡಲ ಹಿಡೀತೇನಿ."

ಈ ಕಸುಬು ಬಂದದ್ದು ಗಂಡ ಶಮಶೇರಸಾಬರಿಂದ. ಅವರು ಒಂದು ನಾಟಕ ಕಂಪನಿಯ ದರ್ಜಿ. ಮದುವೆಯಾದ ಹೊಸದರಲ್ಲಿ ರಾಣೆಬೆನ್ನೂರಿನಲ್ಲಿ ಕಂಪನಿಯ ಕ್ಯಾಂಪು ಇದ್ದಾಗ ಮುಮ್ತಾಜಬಿ ಹೆಂಗಸರ ಕಡೆ ಕೂತು ನಾಟಕ ನೋಡಿದ್ದಾರೆ. ಕಥೆ ಏನಿತ್ತೋ ಮರೆತಿದೆ. ನೆನಪಿರುವುದು ನಾಟಕ ಸುರುವಾಗುವ ಮುಂಚಿನ ಹೊತ್ತು. ಎದುರಿಗೆ ಎಡಬಲಕ್ಕೆ ಸರಿಯುವ ದೊಡ್ಡ ಕೆಂಪು ಪರದೆ, ಅದರ ಮೇಲೆ ದೀಪದ ಬೆಳಕು, ಅದರ ಹಿಂದೆ ಎಲ್ಲೋ ತನ್ನ ಗಂಡ ಸೂಜಿ ಹಿಡಿದು ಕೂತಿದ್ದಾರೆ ಎಂಬ ಬೆಚ್ಚನೆಯ ಖುಷಿ. ಈಗಲೂ ಕಣ್ಣು ಮುಚ್ಚಿದರೆ ಆ ಪರದೆ ಅಲುಗಾಡುತ್ತದೆ ಎನ್ನುತ್ತಾರೆ.

ಮುಂದೆ ಕಂಪನಿ ಮುಚ್ಚಿತು. ಶಮಶೇರಸಾಬರು ಎರಡು ಟ್ರಂಕು ಉಡುಪು ಹೊತ್ತು ಬ್ಯಾಡಗಿಗೆ ಬಂದು, ಮಂತ್ರಿ ಸೇನಾಪತಿಗಳನ್ನೆಲ್ಲ ಕತ್ತರಿಸಿ ಮಕ್ಕಳ ಅಳತೆಗೆ ಇಳಿಸಿದರು. ರಾಜನೊಬ್ಬನನ್ನು ಬಿಟ್ಟು. "ಕಂಪನಿ ಮತ್ತ ಏಳತೈತಿ. ಅವತ್ತ ರಾಜನ ಪಾರ್ಟಿನವ ಬಂದು ನನ್ನ ಅಂಗಿ ಎಲ್ಲೈತಿ ಅಂತ ಕೇಳ್ತಾನ. ಇದಕ್ಕ ಕತ್ತರಿ ಹಚ್ಚಬ್ಯಾಡ" ಎಂದು ಹೆಂಡತಿಗೆ ಹೇಳಿದ್ದರು. ಆರು ವರ್ಷದ ಹಿಂದೆ ತೀರಿಕೊಳ್ಳುವಾಗಲೂ ಅವರಿಗೆ ಆ ನಂಬಿಕೆ ಹೋಗಿರಲಿಲ್ಲ.

ಮುಮ್ತಾಜಬಿ ಅಂದಿನಿಂದ ಆ ಮಾತು ಮೀರಿಲ್ಲ. ಆಳೆತ್ತರದ ಅಂಗಿಯನ್ನು ಒಳಗೆ ಮಡಚಿ, ಮಡಚಿ, ಕಚ್ಚಾ ಹೊಲಿಗೆ ಹಾಕಿ ಮಗುವಿನ ದಾರಕ್ಕೆ ಸರಿಮಾಡುತ್ತಾರೆ. ಮರುದಿನ ಹೊಲಿಗೆ ಬಿಚ್ಚಿ ಮುಂದಿನ ಊರಿನ ರಾಜನಿಗೆ ಮತ್ತೆ ಮಡಚುತ್ತಾರೆ. ಒಳಗೆ ಅಷ್ಟೊಂದು ಮಖಮಲ್ಲು ಸೇರಿ ಅಂಗಿ ಕಲ್ಲಿನಷ್ಟು ಭಾರವಾಗುತ್ತದೆ. ಮಕ್ಕಳಿಗೆ ಅದನ್ನು ಹೊತ್ತು ಲಗುಬಗೆಯಿಂದ ನಡೆಯಲು ಆಗುವುದಿಲ್ಲ, ಒಂದೊಂದೇ ಹೆಜ್ಜೆ ಇಡುತ್ತಾರೆ. ಏನು ಗಾಂಭೀರ್ಯ, ಎಂಥ ರಾಜಠೀವಿ ಎಂದು ಜನ ಚಪ್ಪಾಳೆ ತಟ್ಟುತ್ತಾರೆ.

ಒಮ್ಮೆ ಮಾತ್ರ ಮುಮ್ತಾಜಬಿ ಗ್ಯಾದರಿಂಗ್ ನೋಡಲು ಹೋಗಿದ್ದಾರೆ. ಓಟದಲ್ಲಿ ಮೊದಲು ಬಂದ ಹುಡುಗನೇ ಅಂದು ರಾಜ. ಕಿರೀಟ ಸಮೇತ ಬಂದು ಅವನು ಕಂಪಾಸು ಪೆಟ್ಟಿಗೆ ಬಹುಮಾನ ಪಡೆಯುವ ಫೋಟೋ ಪಡಸಾಲೆಯಲ್ಲಿದೆ. ನಾಟಕ ಹೇಗಿತ್ತು ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. "ನಾಟಕ ಯಾರು ನೋಡಿದ್ರು? ಬಗಲಾಗಿನ ಹೊಲಗಿ ಬಿಟ್ಟಗಿಟ್ಟೀತಂತ ನಾ ಅದನ್ನ ನೋಡ್ಕೋತ ಕುಂತಿದ್ದೆ. ಮತ್ತ ಹೋಗಿಲ್ಲ. ಮನ್ಯಾಗ ಕುಂತ್ರ ಎಲ್ಲಾ ನಾಟಕ ಚಂದ ಕಾಣತಾವು."

ಈ ಸಲದ ಪೇಚಿಗೆ ಕಾರಣ ಚಂದ್ರ, ಅಥವಾ ಚಂದ್ರನನ್ನು ಎಣಿಸುವ ಬೆರಳು. ದಿನ ಗೊತ್ತುಮಾಡುವ ಕೆಲಸ ಶಮಶೇರಸಾಬರದಾಗಿತ್ತು. ಈಗ ಮುಮ್ತಾಜಬಿಯೇ ಲೆಕ್ಕ ಹಿಡಿಯಬೇಕು. ಸುಲಭಾ ಅಕ್ಕೋರು ಇಪ್ಪತ್ತೊಂದನೇ ತಾರೀಖು ಮಂಗಳವಾರ ಎಂದರು. ಹೇಮಪ್ಪ ಮಾಸ್ತರು ಭಾರತ ಹುಣ್ಣಿಮೆಯ ಮರುದಿನ ಎಂದರು. ಮುಮ್ತಾಜಬಿಯವರ ಲೆಕ್ಕದಲ್ಲಿ ಹೊತ್ತು ಮುಳುಗಿದಾಗಲೇ ಹೊಸ ದಿನ ಹುಟ್ಟುತ್ತದೆ, ರಾತ್ರಿ ಮೊದಲು, ಹಗಲು ಆಮೇಲೆ. ಸೋಮವಾರ ರಾತ್ರಿಯ ತುಂಬುಚಂದ್ರ ಅವರಿಗೆ ಮಂಗಳವಾರಕ್ಕೆ ಸೇರಿದವನು. ಅವನ ಮರುದಿನವೆಂದರೆ ಬುಧವಾರ. ಮಾಸ್ತರರಿಗೆ ಹಗಲು ಮೊದಲು, ರಾತ್ರಿ ಆಮೇಲೆ. ಅವರ ಮರುದಿನ ಮಂಗಳವಾರವೇ. ಇಬ್ಬರೂ ಎಣಿಸಿದ್ದು ಒಂದೇ ಚಂದ್ರನನ್ನು, ನಡುವೆ ಒಂದು ಹಗಲು ತಪ್ಪಿಹೋಗಿದೆ. ಹಿಂದೆಯೂ ಹೀಗಾಗಿದ್ದಿರಬಹುದು. ಒಂದೇ ಅಂಗಿಗೆ ಒಂದೇ ಸಂಜೆ ಇಬ್ಬರು ಗಂಟುಬೀಳದೆ ಇದ್ದುದರಿಂದ ತಿಳಿದಿರಲಿಲ್ಲ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಉಚ್ಚಂಗೆವ್ವ ಹಬ್ಬದ ಹೋಳಿಗೆ ತಂದುಕೊಟ್ಟು, "ನಾಳಿ ಕದರಮಂಡಲಗ್ಯಾಗ ಗ್ಯಾದರಿಂಗ್ ಐತಿ, ನನ್ನ ಮಗಳ ಮಗ ಕುಣಿಯಾಕತ್ತಾನ" ಎಂದಾಗಲೇ ಮುಮ್ತಾಜಬಿಯವರಿಗೆ ಲೆಕ್ಕ ತಪ್ಪಿದ್ದು ತಿಳಿಯಿತು. ಹೋಳಿಗೆ ಕೈಯಲ್ಲೇ ಉಳಿಯಿತು.

ಬೇರೆ ಅಂಗಿ ಕೊಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ನಸುಕಿನಲ್ಲಿ ನೀರಿಗೆ ಹೊರಟು ಬಾಗಿಲಲ್ಲಿ ನಿಂತ ಉಚ್ಚಂಗೆವ್ವನಿಗೂ ಅನ್ನಿಸಿದೆ. "ಒಬ್ಬರಿಗೆ ಹಳದಿ ಅಂಗಿ ಕಟ್ಟಿ ಕಳಸು. ಹುಡುಗೂರಿಗೇನ ತಿಳೀತೈತಿ?"

"ಹುಡುಗೂರಿಗೇ ತಿಳೀತೈತಿ ಉಚ್ಚಂಗೆವ್ವಾ, ದೊಡ್ಡವ್ರಿಗೆ ತಿಳಿಯಂಗಿಲ್ಲ" ಎನ್ನುತ್ತಾರೆ ಮುಮ್ತಾಜಬಿ. "ಹಳದಿ ಅಂಗಿ ಮಂತ್ರೀದು."

ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಕದರಮಂಡಲಗಿಯ ಆ ಶಾಲೆಯಲ್ಲಿ ರಾಜನ ಪಾತ್ರ ಸುಮ್ಮನೆ ಸಿಗುವುದಿಲ್ಲ. ವರ್ಷವಿಡೀ ಒಂದು ದಿನವೂ ಶಾಲೆ ತಪ್ಪಿಸದ ಹುಡುಗನಿಗೆ ಹೇಮಪ್ಪ ಮಾಸ್ತರು ಕೊಡುವ ಬಹುಮಾನ ಅದು. ಈ ವರ್ಷ ಅದನ್ನು ಗೆದ್ದವನು ಕುರಿ ಕಾಯುವವರ ಮನೆಯ ಹುಡುಗ, ಮಳೆಗಾಲದಲ್ಲಿ ಹಳ್ಳ ಬಳಸಿಕೊಂಡು ನಡೆದು ಬಂದವನು. ರಾಣೆಬೆನ್ನೂರಿನ ಹುಡುಗಿ ತಾಲೂಕಿನ ಭಾಷಣ ಸ್ಪರ್ಧೆಯಲ್ಲಿ ಮೊದಲು ಬಂದಿದ್ದಾಳೆ. ಏನು ಬಹುಮಾನ ಬೇಕು ಎಂದು ಸುಲಭಾ ಅಕ್ಕೋರು ಕೇಳಿದರೆ, ರಾಣಿ ಬೇಡ, ರಾಜ ಆಗಬೇಕು ಎಂದಳಂತೆ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಮಿನುಗುವ ರಾಜರನ್ನು ನೋಡಿದ ಈಗಿನ ಮಕ್ಕಳು ಇವರು. ಇಬ್ಬರೂ ವರ್ಷದಿಂದ ಕನಸು ಕಂಡಿರುವುದು ಈ ಕೆಂಪನ್ನೇ.

"ಒಂದು ದಿನಾನೂ ಸಾಲಿ ತಪ್ಪಿಸಲಾರದ ಹುಡುಗಗ ನನ್ನ ದಿನ ತಪ್ಪಿತು, ನೀ ಮಂತ್ರಿ ಆಗಪಾ ಅಂತ ಹ್ಯಾಂಗ ಹೇಳ್ಲಿ? ಆ ಹುಡುಗೀಗೆ ಹ್ಯಾಂಗ ಹೇಳ್ಲಿ?" ಎನ್ನುತ್ತಾರೆ ಮುಮ್ತಾಜಬಿ. ಗಂಡನಿಗೆ ಕೊಟ್ಟ ಮಾತು ಒಂದು ಕಡೆ, ಕಾಣದ ಎರಡು ಮಕ್ಕಳಿಗೆ ಕೊಟ್ಟ ಮಾತು ಇನ್ನೊಂದು ಕಡೆ. ಮೊಳೆಯಿಂದ ಬಿಳಿ ದಾರವನ್ನೂ ಹೂವಿನ ದಾರವನ್ನೂ ಬಿಡಿಸಿ ಅಂಗಿಯ ಮೇಲೆ ಅಕ್ಕಪಕ್ಕ ಮಲಗಿಸುತ್ತಾರೆ. ಸುತ್ತ ಅಗಲವಾಗಿ ಹರಡುವ ಘೇರಿನ ಅಂಗಿ. ಎರಡು ದಾರಗಳೂ ಅದರ ಮೇಲೆ ಸುಖವಾಗಿ ಹಿಡಿಸುತ್ತವೆ, ಒಂದೇ ಹಾಸಿಗೆಯಲ್ಲಿ ಮಲಗಿದ ಅಣ್ಣ ತಂಗಿಯರಂತೆ.

ಅವರು ಅವನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಬಿಸ್ಮಿಲ್ಲಾ ಎಂದು ಕತ್ತರಿ ಹಚ್ಚುತ್ತಾರೆ.

ಮಖಮಲ್ಲು ಸದ್ದಿಲ್ಲದೆ ಸೀಳುತ್ತದೆ. ಸೊಂಟದಿಂದ ಕೆಳಗಿನ ಘೇರು ಒಂದು ಕಡೆ, ಮೇಲಿನ ಮೈ ಒಂದು ಕಡೆ. ಉದ್ದನೆಯ ತೋಳುಗಳು ನಡುವೆ ತುಂಡಾಗಿ ನಾಲ್ಕು ಪುಟ್ಟ ತೋಳುಗಳಾಗುತ್ತವೆ. ವರ್ಷಗಟ್ಟಲೆ ಮಡಿಕೆಯೊಳಗೆ ಅಡಗಿದ್ದ ಬಟ್ಟೆ ಈಗಷ್ಟೇ ಹಣ್ಣಾದ ಮೆಣಸಿನಕಾಯಿಯ ಬಣ್ಣಕ್ಕಿದೆ. ಮುಮ್ತಾಜಬಿ ಅಳುತ್ತಿದ್ದಾರೆ, ಆದರೆ ಕೈ ನಿಲ್ಲಿಸಿಲ್ಲ.

ಭುಜದ ಬಳಿ ಒಳಗಿನ ಅಸ್ತರ ಬಿಚ್ಚಿದಾಗ ಕೈ ನಿಲ್ಲುತ್ತದೆ. ಮಖಮಲ್ಲಿನ ಹಿಂಬದಿಯಲ್ಲಿ ಸಾಲಾಗಿ ತುಕ್ಕಿನ ದುಂಡು ಕಲೆಗಳು, ಒಂದರಿಂದ ಒಂದಕ್ಕೆ ಗೇಣು ದೂರ. ಅಂಗಿಗೆ ಅಲ್ಲಿ ಗುಂಡಿಯೂ ಇಲ್ಲ, ಕಬ್ಬಿಣವೂ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸುತ್ತಾರೆ. ತುಸು ಹೊತ್ತಿಗೆ ಅರ್ಥವಾಗುತ್ತದೆ. ಪರದೆಯ ಬಳೆಗಳ ಗುರುತು ಅವು. ರಾಣೆಬೆನ್ನೂರಿನಲ್ಲಿ ಹೊಸ ಮದುವಣಗಿತ್ತಿ ಕಣ್ಣು ಮಿಟುಕಿಸದೆ ನೋಡಿದ ಆ ಕೆಂಪು ಪರದೆ ಹರಿದಾಗ, ಶಮಶೇರಸಾಬರು ಅದನ್ನೇ ಕತ್ತರಿಸಿ ರಾಜನನ್ನು ಹೊಲಿದಿದ್ದಾರೆ. ಹೆಂಡತಿಗೆ ಮಾತ್ರ ಬಾಯಿ ಬಿಟ್ಟಿಲ್ಲ.

ಮುಮ್ತಾಜಬಿಗೆ ಕಣ್ಣೀರಿನ ನಡುವೆಯೇ ನಗು ಬಂದುಬಿಡುತ್ತದೆ. "ಎಂಥಾ ಮನಶ್ಯಾ ನೋಡ್ರಿ! ನನಗ ಕತ್ತರಿ ಹಚ್ಚಬ್ಯಾಡ ಅಂತ ಹೇಳಿ, ತಾವು ಮೊದಲ ಹಚ್ಚಿ ಕುಂತಾರ." ಮುಂದಿನ ಹೊಲಿಗೆ ಹಗುರವಾಗಿ ಓಡುತ್ತದೆ. ಕೆಳಗಿನ ಜರಿಯಂಚು ಹುಡುಗಿಗೆ, ಎದೆಯ ಮೇಲಿನ ಜರಿ ಹುಡುಗನಿಗೆ. ಕೊನೆಯ ಅಂಚನ್ನು ಅವರು ರೀಲಿನ ದಾರದಿಂದ ಹೊಲಿಯುವುದಿಲ್ಲ. ಹುಡುಗಿಯ ಅಂಗಿಗೆ ಅವಳ ಬಿಳಿ ದಾರವನ್ನೇ ಪೋಣಿಸುತ್ತಾರೆ, ಹುಡುಗನದಕ್ಕೆ ಅವನ ಹೂವಿನ ದಾರ.

ಹೇಮಪ್ಪ ಮಾಸ್ತರು ಸೈಕಲ್ಲಿನ ಮೇಲೆ ಮೊದಲು ಬರುತ್ತಾರೆ. ಗಂಟು ಕಟ್ಟಿಕೊಡುತ್ತ ಮುಮ್ತಾಜಬಿ ಒಂದೇ ಕಿವಿಮಾತು ಹೇಳುತ್ತಾರೆ. "ಅಂಗಿ ಹಗರ ಐತಿ ಅಂತ ಓಡಬ್ಯಾಡ ಅಂತ ಹೇಳ್ರಿ ಮಾಸ್ತರ. ರಾಜಾ ಸಾವಕಾಶ ನಡೀಬೇಕು." ಬಸ್ಸಿಳಿದು ಬಂದ ಸುಲಭಾ ಅಕ್ಕೋರು ಅಂಗಿಯನ್ನು ಎತ್ತಿ ನೋಡಿ, "ಹೋದ ವರ್ಷ ಭಾಳ ವಜ್ಜಾ ಇತ್ತಲ್ಲ ಮುಮ್ತಾಜಬಿ, ಈ ಸರ್ತಿ ಹಗುರ ಆಗ್ಯದ" ಎನ್ನುತ್ತಾರೆ. "ಹೌದ್ರಿ ಅಕ್ಕೋರ, ಅರ್ಧಾ ಭಾರ ಈಗಷ್ಟ ಕದರಮಂಡಲಗಿಗೆ ಹೋತು" ಎನ್ನುತ್ತಾರೆ ಇವರು. ಅಕ್ಕೋರಿಗೆ ಪೂರ್ತಿ ಅರ್ಥವಾಗಿಲ್ಲ, ಆದರೆ ಬಸ್ಸಿನ ಹೊತ್ತಾಗಿದೆ.

ಮಧ್ಯಾಹ್ನದ ಹೊತ್ತಿಗೆ ಹಗ್ಗ ಬರಿದಾಗಿದೆ. ಮಂತ್ರಿ, ಸೇನಾಪತಿ, ಹನುಮಂತ, ಪಾತರಗಿತ್ತಿ ಎಲ್ಲರೂ ಬಸ್ಸು ಸೈಕಲ್ಲು ಹಿಡಿದು ಊರೂರಿಗೆ ಹೋಗಿದ್ದಾರೆ. ಬಾಗಿಲ ಮುಂದೆ ಉಚ್ಚಂಗೆವ್ವ ಮತ್ತು ಮುಮ್ತಾಜಬಿ ಮೆಣಸಿನಕಾಯಿ ಸುರುವಿಕೊಂಡು ತೊಟ್ಟು ಬಿಡಿಸುತ್ತಿದ್ದಾರೆ. ಮುಮ್ತಾಜಬಿಯವರ ಸೆರಗಿಗೆ ಮಖಮಲ್ಲಿನ ಒಂದು ಚೂರು ಅಂಟಿದೆ, ಕಾಯಿಗಳ ನಡುವೆ ಅದು ಬೇರೆ ಎಂದು ಗೊತ್ತಾಗುವುದಿಲ್ಲ.

"ಅಲ್ಲ ಬೇ," ಉಚ್ಚಂಗೆವ್ವನಿಗೆ ಇನ್ನೂ ಸಮಾಧಾನವಿಲ್ಲ. "ನಾಳಿ ಖರೇನ ಆ ಕಂಪನಿ ಎದ್ದು, ರಾಜನ ಪಾರ್ಟಿನವ ಬಂದು ನನ್ನ ಅಂಗಿ ಎಲ್ಲಿ ಅಂದ್ರ ಏನ್ ಹೇಳ್ತಿ?"

ಮುಮ್ತಾಜಬಿ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಪಕ್ಕಕ್ಕಿಡುತ್ತಾರೆ.

"ಬರ್ರಿ, ಕುಂದ್ರಿ, ಚಾ ಕುಡೀರಿ ಅಂತೇನಿ. ನಿಮ್ಮ ಅಂಗಿ ಸಾಲಿಗೆ ಹೋಗೇತಿ ಅಂತೇನಿ."