ರಿಬ್ಬನ್ ಸರಿಸು ಎಂದು ನಾನು ಹೇಳಲಿಲ್ಲ

ಕಳೆದ ಸೋಮವಾರ ಒಬ್ಬ ಹುಡುಗಿಯ ಕೆಲಸ ತೆಗೆಸಿದೆ. ಚಾಡಿ ಹೇಳಿ ಅಲ್ಲ, ಸುಮ್ಮನೆ ಕೂತು.

ಹುಣಸೂರಿನ ಒಂದು ಆಫೀಸಿನಲ್ಲಿ ನಾನು ಹದಿನಾರು ವರ್ಷದಿಂದ ಟೈಪಿಸ್ಟ್ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಇನ್ನೊಬ್ಬರು ಬೇಕೆಂದು ಕಟ್ಟೆಮಳಲವಾಡಿಯ ಜಯಮ್ಮನನ್ನು ಒಂದು ವಾರ ನೋಡೋಣವೆಂದು ತೆಗೆದುಕೊಂಡಿದ್ದರು. ಒಪ್ಪಿಗೆಯಾದರೆ ಟೆಂಪರರಿ ಪೋಸ್ಟು. ಇನ್‌ಸ್ಟಿಟ್ಯೂಟಿಗೆ ಹೋಗಿ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸು ಮಾಡಿದವಳು. ಕೀಲಿ ನೋಡದೆಯೇ ಬೆರಳು ಓಡುತ್ತಿದ್ದವು, ನನಗಿಂತ ಜೋರು. (ಹೊಟ್ಟೆ ಉರಿಯಿತೇ? ಉರಿಯಿತು.)

ಅವತ್ತು ಅವಳಿಗೆ ಸ್ಟೆನ್ಸಿಲ್ ಕೊಟ್ಟರು. ಪಂಚಾಯ್ತಿ ಚೇರ್ಮನ್ನರ ಸಭೆಯ ನೋಟೀಸು. ಸ್ಟೆನ್ಸಿಲ್ ಎಂದರೆ ಮೇಣದ ಹಾಳೆ. ಅದಕ್ಕೆ ಟೈಪ್ ಮಾಡುವಾಗ ಶಾಯಿಯ ರಿಬ್ಬನ್ ಅಡ್ಡ ಬರದಂತೆ ಸರಿಸಬೇಕು. ಅಚ್ಚು ನೇರ ಮೇಣಕ್ಕೆ ಬಡಿದು ಅಕ್ಷರ ಕೊರೆದರೆ ಮಾತ್ರ ಶಾಯಿ ಇಳಿದು ಪ್ರತಿಗಳು ಬರುತ್ತವೆ. ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವುದು ಬರೀ ಕಾಗದದ ಮೇಲೆ. ಅಲ್ಲಿ ಸ್ಟೆನ್ಸಿಲ್ ಯಾರು ಕೊಡುತ್ತಾರೆ?

ಜಯಮ್ಮ ರಿಬ್ಬನ್ ಇಟ್ಟುಕೊಂಡೇ ಟಕಟಕ ಶುರು ಮಾಡಿದಳು. ನಾನು ನೋಡಿದೆ. ನೋಡಿಯೂ ಎಲೆಗೆ ಸುಣ್ಣ ಹಚ್ಚುತ್ತಾ ಕೂತೆ. ಹೊಸಬರು ಮೊದಲು ಒಮ್ಮೆ ಮುಗ್ಗರಿಸಲಿ ಎಂಬುದು ನಮ್ಮ ಬರೆಯದ ಆರ್ಡರು. ನಮಗೂ ಹಿರಿಯರು ಅದನ್ನೇ ಮಾಡಿದ್ದರು. ಆಮೇಲೆ 'ಕೋರ್ಸ್ ಮಾಡಿದೋರ ಹಣೆಬರಹ ಇಷ್ಟೇ' ಎಂದು ನಗುವುದು.

ಪ್ಯೂನ್ ಪುಟ್ಟಸ್ವಾಮಿ ಅದನ್ನು ಪ್ರತಿ ತೆಗೆಯುವ ಮೆಷಿನ್ನಿಗೆ ಹಾಕಿ ಹಿಡಿ ತಿರುಗಿಸಿದ.

"ಇದೇನವ್ವಾ, ಬರೀ ಬಿಳೀ ಆಳೆ ಬತ್ತಾವೆ! ಒಂದಕ್ಸರನೂ ಇಲ್ಲ!"

ಬೀರುವಿನಲ್ಲಿ ಇನ್ನೊಂದು ಸ್ಟೆನ್ಸಿಲ್ ಇರಲಿಲ್ಲ. ಮಧ್ಯಾಹ್ನದ ಟಪಾಲಿಗೆ ನೋಟೀಸು ಹೋಗಲೇಬೇಕಿತ್ತು. ಸಾಹೇಬರು ಹೊರಗೆ ಬಂದು ಕೂಗಾಡಿದರು. "ಇಷ್ಟೂ ಗೊತ್ತಿಲ್ದೆ ಯಾಕಮ್ಮಾ ಬಂದೆ? ನಾಳೆಯಿಂದ ಬರಬೇಡ." ಆಮೇಲೆ ನನ್ನ ಕಡೆ ತಿರುಗಿ, "ನೀವಾದ್ರೂ ನೋಡ್ಲಿಲ್ವೇನ್ರೀ?" ಅಂದರು.

"ಇಲ್ಲ ಸಾರ್."

ಹಾಗಂದೆ! ಥೂ, ಈ ನಾಲಿಗೆಗೆ ಏನು ಬಂದಿತ್ತು?

ಜಯಮ್ಮ ಅಳಲಿಲ್ಲ. ಕೈಚೀಲ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. "ಸಾರ್, ಎಲ್ಲಿ ತಪ್ಪಾಯ್ತು ಅಂತ ಒಸಿ ಯೋಳಿ. ಬೇರೆ ಕಡೆನೂ ಅಂಗೇ ಆಗ್ಬಾರ್ದು."

ರಿಬ್ಬನ್ ಸರಿಸುವ ಪುಟ್ಟ ಗುಂಡಿಯನ್ನು ತೋರಿಸಿದೆ.

"ಇಷ್ಟೇಯಾ ಸಾರ್?" ಎಂದಳು. ಗುಂಡಿಯನ್ನು ಒಮ್ಮೆ ತಾನೇ ಸರಿಸಿ ನೋಡಿದಳು. "ಇನ್‌ಸ್ಟಿಟ್ಯೂಟ್ನಲ್ಲಿ ಯಾರೂ ಇದ್ನ ಯೋಳ್ಲಿಲ್ಲ. ನೀವು ಯೋಳ್ಕೊಟ್ರಿ, ಉಪ್ಕಾರ ಆಯ್ತು." ಎರಡೂ ಕೈ ಜೋಡಿಸಿ ಮುಗಿದಳು.

ಮಾನ ಹೋಯಿತು ಅನ್ನುತ್ತಾರಲ್ಲ, ಅದು ಹೋದದ್ದು ಆಗ.

ಕೋರ್ಸುಗಳಿಂದ ಪ್ರಯೋಜನ ಉಂಟೇ ಎಂದು ಮಕ್ಕಳನ್ನು ಸೇರಿಸುವ ಮೊದಲು ನನ್ನನ್ನು ಕೇಳುವವರಿದ್ದಾರೆ. ಉಂಟು ಸ್ವಾಮಿ, ಬೆರಳು ಪಳಗುತ್ತದೆ. ಮಿಕ್ಕದ್ದು ನಮ್ಮಂಥ ಹಳಬರು ಹೇಳಿಕೊಡಬೇಕಾದ್ದು. ನಾವು ಬಾಯಿ ಬಿಡಬೇಕಲ್ಲ!

ಇಡೀ ಜಿಲ್ಲೆ ಓದುವ ಹಾಗೆ ತಪ್ಪೊಪ್ಪಿಕೊಂಡಿದ್ದೇನೆ, ದೊಡ್ಡ ಮನುಷ್ಯ ಅಂದುಕೊಳ್ಳಬೇಡಿ. ಹತ್ತು ಹೆಜ್ಜೆ ನಡೆದು ಸಾಹೇಬರಿಗೆ "ನೋಡಿದ್ದೆ ಸಾರ್" ಅನ್ನಲು ಇವತ್ತಿಗೂ ಧೈರ್ಯ ಬಂದಿಲ್ಲ. ಅವರು ಈ ಪತ್ರಿಕೆ ತರಿಸುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.