ಟೋಪಿ ಎತ್ತಿ ನಮಸ್ಕರಿಸಿದ ರೈಲು

ಮೊನ್ನೆ ನಮ್ಮ ಗಿರಿಜತ್ತೆ ರೈಲಿನಡಿ ಸಿಕ್ಕಿ ಅಕ್ಕಿರೊಟ್ಟಿಯಂತೆ ಚಪ್ಪಟೆಯಾದರು. ರೈಲು ಹೋದ ಮೇಲೆ ಹಳಿಯಿಂದ ಮೆಲ್ಲಗೆ ಎದ್ದು, ಹೆಬ್ಬೆರಳನ್ನು ಬಾಯಲ್ಲಿಟ್ಟು ಜೋರಾಗಿ ಊದಿದರು. ಮೈ ಮತ್ತೆ ತುಂಬಿಕೊಂಡಿತು. ಧೂಳು ಕೊಡವಿಕೊಂಡು ಸ್ಕೂಟಿ ಹತ್ತಿ ಹೊರಟೇ ಹೋದರು.

ಇದನ್ನು ಮಾಡಿಸಿದವಳು ನಾನೇ.

(ಗಾಬರಿಯಾಗಬೇಡಿ. ಕಾರ್ಟೂನು.)

ಏನು ಬೇಕೆಂದು ಬರೆದುಕೊಟ್ಟರೆ ವಿಡಿಯೊ ಮಾಡಿಕೊಡುವ ಎಐ ಆ್ಯಪ್‌ಗಳು ಬಂದಿವೆಯಲ್ಲ, ಕೆಲವು ತಿಂಗಳಿಂದ ನನಗೆ ಅವುಗಳ ಹುಚ್ಚು ಹಿಡಿದಿದೆ. ಜನ ಅದರಲ್ಲಿ ತಮ್ಮನ್ನು ರಾಜರಾಣಿಯರನ್ನಾಗಿ ಮಾಡಿಕೊಳ್ಳುತ್ತಾರೆ. ನನಗೆ ಬೇಕಿರುವುದು ಹಳೇ ಕಾಲದ ಕಾರ್ಟೂನು. ಕಪ್ಪು ಬಿಳುಪು, ಫಿಲ್ಮಿನ ಮೇಲೆ ಗೀರು, ರಬ್ಬರ್ ಪೈಪಿನಂಥ ಕೈಕಾಲು, ಬಿಳಿ ಗ್ಲೌಸು, ಹಿನ್ನೆಲೆಗೆ ಟಿಣಿಟಿಣಿ ಪಿಯಾನೊ. ಅಲ್ಲಿ ಎಲ್ಲದಕ್ಕೂ ಕಣ್ಣಿರುತ್ತದೆ. ಬಕೆಟ್ಟಿಗೂ ಇರುತ್ತದೆ.

ನಮ್ಮನೆ ಮಿಕ್ಸಿ ಸೊಂಟ ಕುಣಿಸಿ ಹಾಡಿದ್ದು, ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ತಕ್ಕಡಿಗಳು ಕೈ ಕೈ ಹಿಡಿದು ಕುಣಿದದ್ದು, ತುಂಗಾ ಸೇತುವೆ ಹೊಟ್ಟೆ ಕುಲುಕಿಸಿ ಬಸ್ಸುಗಳನ್ನು ಒಂದೊಂದಾಗಿ ಆಚೆ ದಡಕ್ಕೆ ಎಸೆದದ್ದು ಎಲ್ಲ ನನ್ನದೇ ಕೃಪೆ. ಕೆಲಸಕ್ಕೆ ಬಾರದ ಸುಖ. ಆದರೆ ಸುಖ.

ಅತ್ತೆಯ ಕಾರ್ಟೂನು ಮಾತ್ರ ಸುಖಕ್ಕೆ ಮಾಡಿದ್ದಲ್ಲ. ಅದರ ಹಿಂದೆ ನಿಜವಾದ ಸಂಗತಿಯೊಂದಿದೆ. ಅದಕ್ಕೆ ಪಿಯಾನೊ ಇರಲಿಲ್ಲ.

ಗಿರಿಜತ್ತೆ ಎಂದರೆ ನನ್ನ ತಾಯಿಯ ತಮ್ಮ ಶಿವಣ್ಣ ಮಾವನ ಹೆಂಡತಿ. ಭದ್ರಾವತಿಯಲ್ಲಿ, ಕಾಗದನಗರದ ಹತ್ತಿರ ಮನೆ. ಮಾವ ಕಾರ್ಖಾನೆಯಿಂದ ರಿಟೈರಾದರು, ಕಾರ್ಖಾನೆಯ ಸೇಫ್ಟಿ ನಿಯಮಗಳು ಮಾತ್ರ ಅವರೊಂದಿಗೇ ಮನೆಗೆ ಬಂದವು. ಇಸ್ತ್ರಿಪೆಟ್ಟಿಗೆಯ ವೈರು ಒಂದು ಕಡೆ ಸುಲಿದಿದ್ದು ಕಂಡು, ಪೆಟ್ಟಿಗೆಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ ಮನುಷ್ಯ. (ಅತ್ತೆ ಇವತ್ತಿಗೂ ಸೀರೆಯನ್ನು ಹಾಸಿಗೆಯಡಿ ಮಡಚಿಟ್ಟು ಇಸ್ತ್ರಿ ಮಾಡುತ್ತಾರೆ.)

ಅತ್ತೆ ಸ್ಕೂಟಿ ಕಲಿತದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ತಂಗಿಯ ಮನೆಗೆ ಹೋಗಬೇಕಾದರೂ ಮಾವನ ಬಿಡುವು ಕಾಯಬೇಕಿತ್ತು. ಈಗ ಭಜನೆ, ಸಂತೆ, ಕಣ್ಣಿನ ಡಾಕ್ಟರು ಎಲ್ಲಕ್ಕೂ ಒಬ್ಬರೇ. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುವ ಆ ಕೀ ಅವರ ತಾಳಿಯಷ್ಟೇ ಜೋಪಾನ.

ಒಂದು ಭಾನುವಾರ ನಾನು ಶಿವಮೊಗ್ಗದಿಂದ ಅಲ್ಲಿಗೆ ಹೋಗಿದ್ದೆ. ಮನೆಯ ಗ್ರೈಂಡರ್ ಕೆಟ್ಟಿತ್ತು. ದೋಸೆ ಹಿಟ್ಟು ರುಬ್ಬಿಸಿಕೊಂಡು ಬರಲು ಅತ್ತೆ ತಮ್ಮ ಸ್ಕೂಟಿಯಲ್ಲಿ, ನಾನು ನನ್ನದರಲ್ಲಿ ರೈಲ್ವೆ ಗೇಟಿನಾಚೆಯ ಅಂಗಡಿಗೆ ಹೋದೆವು. ವಾಪಸು ಬರುವಾಗ ಗೇಟು ಬಿತ್ತು.

ನಾನು ಗಾಡಿ ನಿಲ್ಲಿಸಿದೆ. ಅತ್ತೆ ಇಳಿದು ತಮ್ಮದನ್ನು ಓರೆ ಮಾಡಿದರು.

"ಬಾರೇ, ಇನ್ನೂ ಟೈಮಿದೆ. ಈ ಬಿಸಿಲಿಗೆ ಹಿಟ್ಟು ಉಕ್ಕಿಬಿಡುತ್ತೆ."

"ಬೇಡ ಅತ್ತೆ, ನಿಂತ್ಕೊಳ್ಳಿ."

"ನೀನು ಶಿವಮೊಗ್ಗದೋಳು, ನಿಂತ್ಕೋ."

ನಿಮಗೂ ಗೊತ್ತಿರುವ ವಿದ್ಯೆಯೇ ಇದು. ಗಾಡಿಯನ್ನು ಪಕ್ಕಕ್ಕೆ ವಾಲಿಸು, ತಲೆ ತಗ್ಗಿಸು, ಗೇಟಿನ ಅಡ್ಡಕಂಬದಡಿ ನುಸುಳು, ಎತ್ತಿ ನಿಲ್ಲಿಸು. ಹಾಲಿನ ಕ್ಯಾನಿನವರು ಮಾಡುತ್ತಾರೆ, ಮೇಷ್ಟ್ರು ಮಾಡುತ್ತಾರೆ, ಮದುವೆಗೆ ಹೊರಟವರು ರೇಷ್ಮೆ ಪಂಚೆಯಲ್ಲೇ ಮಾಡುತ್ತಾರೆ. ಗೇಟು ಇರುವುದು ರೈಲಿಗೆ, ನಮಗಲ್ಲ ಎಂಬುದು ನಮ್ಮೆಲ್ಲರ ದೃಢ ನಂಬಿಕೆ.

ಅತ್ತೆ ಮೊದಲ ಕಂಬ ದಾಟಿದರು. ಹಳಿಯ ಮೇಲೆ ಹೋದರು. ಅಲ್ಲಿ, ಹಳಿಯ ಪಕ್ಕದ ಸಂದಿಗೆ ಮುಂದಿನ ಚಕ್ರ ಸಿಕ್ಕಿಕೊಂಡಿತು.

ಹಾರ್ನ್ ಕೇಳಿಸಿತು.

ಅತ್ತೆ ಗಾಡಿ ಬಿಡಲಿಲ್ಲ. ಎಳೆದರು. ಹಿಂದಕ್ಕೆ ತಳ್ಳಿ ಮತ್ತೆ ಎಳೆದರು. "ಅಕ್ಕಾ, ಗಾಡಿ ಬಿಡ್ರೀ" ಎಂದು ಸುತ್ತಲಿನವರು ಕೂಗುತ್ತಿದ್ದರು. ನಾನು ಕೂಗಲಿಲ್ಲ. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ರೈಲಿನ ಮುಖ ತಿರುವಿನಲ್ಲಿ ಕಂಡಿತು. ಆಚೆ ಬದಿಯಿಂದ ಸೌತೆಕಾಯಿ ಗಾಡಿಯವರೊಬ್ಬರು "ವಿಡುಂಗಮ್ಮಾ, ವಂಡಿಯೆ ವಿಡುಂಗ" ಎಂದು ತಮಿಳಿನಲ್ಲಿ ಅದನ್ನೇ ಕೂಗುತ್ತಾ ಕಂಬದಡಿ ನುಗ್ಗಿ ಬಂದು, ಸ್ಕೂಟಿಯ ಮುಂಭಾಗ ಹಿಡಿದು ಒಂದೇ ಸಲ ಎತ್ತಿ ಎಳೆದರು. ಗಾಡಿಯೊಂದಿಗೆ ಅತ್ತೆಯೂ ಹೋದರು.

ಹೋದರೇ? ಅದು ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ನಡುವೆ ರೈಲು ಬಂದಿತ್ತು.

ಬೋಗಿಗಳ ಸಂದಿಯಲ್ಲಿ ಆಚೆ ಬದಿ ಚೂರುಚೂರಾಗಿ ಕಾಣುತ್ತಿತ್ತು. ಸೌತೆಕಾಯಿ ಗಾಡಿ. ಯಾರದೋ ಕಾಲು. ಒಂದು ಛತ್ರಿ. ಅತ್ತೆ ಉಟ್ಟಿದ್ದ ಹಸಿರು ಸೀರೆಯನ್ನು ಹುಡುಕಿದೆ. ಇನ್ನೊಂದು ಸಂದಿ. ಸೀರೆ ಇಲ್ಲ. ಇನ್ನೊಂದು. ಇಲ್ಲ. ಆ ರೈಲು ಇಷ್ಟು ಉದ್ದ ಯಾಕಿತ್ತು?

ಕೊನೆಗೂ ಮುಗಿಯಿತು. ಅತ್ತೆ ಸೌತೆಕಾಯಿ ಗಾಡಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದರು.

"ಒಂದು ತೊಟ್ಟೂ ಚೆಲ್ಲಿಲ್ಲ ಕಣೇ."

ಎಳೆದು ಹಾಕಿದವರು ಆಗಲೇ ಬೇರೆಯವರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ನಾನು ಕೈ ಮುಗಿದೆ. "ಅಮ್ಮಾವ್ರಿಗೆ ಬುದ್ಧಿ ಹೇಳಿ" ಎಂದರು, ಈ ಸಲ ಕನ್ನಡದಲ್ಲಿ.

ಮನೆ ತಿರುವಿನಲ್ಲಿ ಅತ್ತೆ ಗಾಡಿ ನಿಲ್ಲಿಸಿ ನನ್ನ ಹತ್ತಿರ ಬಂದರು. "ನಿಮ್ಮ ಮಾವನ ಮುಂದೆ ಬಾಯಿ ಬಿಟ್ಟೀಯ ಮತ್ತೆ. ಇಸ್ತ್ರಿಪೆಟ್ಟಿಗೆಗೆ ಆದ ಗತಿನೇ ನನ್ನ ಸ್ಕೂಟಿಗೂ ಆಗುತ್ತೆ. ಅಲ್ಲಿಗೆ ನಾನು ಹೊಸ್ತಿಲು ದಾಟೋದೂ ಮುಗೀತು."

ಹೇಳಲಿಲ್ಲ. ಹೇಳಿದರೆ ಅತ್ತೆಯ ಕಾಲು ಕಟ್ಟಿಹಾಕಿದಂತೆ. ಹೇಳದಿದ್ದರೆ? ಶಿವಮೊಗ್ಗದ ನಮ್ಮ ಮನೆಗೆ ರೈಲಿನ ಹಾರ್ನ್ ಕೇಳಿಸುತ್ತದೆ. ಮೊದಲೂ ಕೇಳಿಸುತ್ತಿತ್ತೇನೋ, ಗಮನಿಸಿರಲಿಲ್ಲ. ಈಗ ಪ್ರತಿ ಸಲವೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಅದು ಮುಗಿಯುವವರೆಗೆ ಹಸಿರು ಸೀರೆ ಹುಡುಕುತ್ತೇನೆ.

ಅತ್ತೆಗೆ ಅಂಥ ತೊಂದರೆಯೇನೂ ಇರಲಿಲ್ಲ. ಭಜನೆಯವರ ಮುಂದೆ ಅದು ನಗೆಯ ಕಥೆಯಾಯಿತು. ಒಂದೊಂದು ಸಲ ಹೇಳಿದಾಗಲೂ ರೈಲು ಸ್ವಲ್ಪ ದೂರ ಸರಿಯುತ್ತಿತ್ತು. ಫೋನಿನಲ್ಲಿ ನನಗೇ ಹೇಳಿದರು: "ಅದಿನ್ನೂ ಸ್ಟೇಷನ್ನೇ ಬಿಟ್ಟಿರಲಿಲ್ಲ ಮಾರಾಯ್ತಿ, ನೀನೊಬ್ಬಳು." ಹಾಗಾದರೆ ಈಗ ಗೇಟು ಹಾಕಿದರೆ ಕಾಯುತ್ತೀರಾ ಎಂದೆ. "ಕಾದು ಏನು ಮಾಡ್ಲಿ? ಜಪ ಮಾಡ್ಲಾ?"

ಆಗ ಹೊಳೆದದ್ದು ಕಾರ್ಟೂನು. ನನ್ನ ತಲೆಯೊಳಗಿನದು ಫೋನಿಗೆ ಇಳಿದರೆ ತಲೆ ಖಾಲಿಯಾದೀತು. ಅತ್ತೆಗೂ ಸ್ವಲ್ಪ ಹೆದರಿಕೆ ಹುಟ್ಟೀತು.

ಮೊದಲ ಪ್ರಯತ್ನ. ಸೀರೆ ಉಟ್ಟ ಹೆಂಗಸು, ಸ್ಕೂಟರು, ಸ್ಟೀಲ್ ಡಬ್ಬಿ, ಮುಚ್ಚಿದ ರೈಲ್ವೆ ಗೇಟು, ಬರುತ್ತಿರುವ ರೈಲು ಎಂದು ಬರೆದುಕೊಟ್ಟೆ. ಸೀರೆ ಝಾಲರಿನ ಫ್ರಾಕಾಯಿತು. ಗೇಟಿನ ಕಂಬಕ್ಕೆ ಕಣ್ಣು ಮೂಡಿ ಪಟ್ಟೆ ಪಟ್ಟೆ ಹಾವಾಯಿತು. ಹಿಟ್ಟಿನ ಡಬ್ಬಿ ಬತ್ತಿ ಉರಿಯುವ ದುಂಡು ಬಾಂಬಾಯಿತು. (ಹಳೇ ಕಾರ್ಟೂನುಗಳಲ್ಲಿ ದುಂಡಗೆ ಇರುವುದೆಲ್ಲ ಬಾಂಬೇ ತಾನೆ?) ರೈಲು ಅತ್ತೆಯನ್ನು ಕಂಡು ಗಕ್ಕನೆ ನಿಂತಿತು. ಬೋಗಿಗಳು ಹಾರ್ಮೋನಿಯಂ ತಿದಿಯಂತೆ ಒಂದರ ಮೇಲೊಂದು ಮಡಚಿಕೊಂಡವು. ಆಮೇಲೆ ಅದು ಟೋಪಿ ಎತ್ತಿ, ಸೊಂಟ ಬಗ್ಗಿಸಿ, ದಯಮಾಡಿಸಿ ಎಂಬಂತೆ ದಾರಿ ತೋರಿಸಿತು.

ಎರಡನೆಯ ಸಲ ‘ರೈಲು ನಿಲ್ಲುವುದಿಲ್ಲ’ ಎಂದು ಸೇರಿಸಿದೆ. ಅದೇ ಅಕ್ಕಿರೊಟ್ಟಿ. ಅದೇ ಹೆಬ್ಬೆರಳು ಊದಿ ಎದ್ದದ್ದು. ಅತ್ತೆಗೆ ಕಳಿಸಿದೆ. ಹೆದರುವುದಿರಲಿ, ಅದನ್ನು ಭಜನೆಯ ಗ್ರೂಪಿಗೆ, ತಂಗಿಗೆ, ಹಾಲಿನವರಿಗೆ ಎಲ್ಲ ಫಾರ್ವರ್ಡ್ ಮಾಡಿದರು. "ನನ್ನ ಸೊಂಟ ಇಷ್ಟು ಸಣ್ಣ ಮಾಡಿದೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ."

ಮೂರನೆಯ ಸಲ ಕಡ್ಡಿ ಮುರಿದಂತೆ ಬರೆದುಬಿಡೋಣ ಎಂದುಕೊಂಡೆ. ‘ರೈಲು ಬಡಿಯುತ್ತದೆ. ಆಕೆ ಮತ್ತೆ ಏಳುವುದಿಲ್ಲ.’ ಟೈಪ್ ಮಾಡಿ ನೋಡಿದೆ. ಎರಡೇ ವಾಕ್ಯ. ಬಟನ್ ಒತ್ತುವುದೊಂದೇ ಬಾಕಿ.

ಅಳಿಸಿದೆ. ಫೋನನ್ನು ಮಗುಚಿಟ್ಟು ಹೋಗಿ ಮುಖ ತೊಳೆದೆ.

ಹಳೇ ಕಾರ್ಟೂನಿಗೊಂದು ನಿಯಮವಿದೆ. ಬೆಟ್ಟದ ಅಂಚು ದಾಟಿ ಗಾಳಿಯಲ್ಲಿ ನಡೆದವನು, ಕೆಳಗೆ ನೋಡುವವರೆಗೂ ಬೀಳುವುದಿಲ್ಲ. ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದೂ ಇದೇ ಅಲ್ಲವೇ? ಹೆಲ್ಮೆಟ್ಟು ಮೊಣಕೈಯಲ್ಲಿ, ಮೊಬೈಲು ಕಿವಿ ಹೆಗಲಿನ ನಡುವೆ, ಮೂರು ಜನ ಒಂದು ಬೈಕಿನಲ್ಲಿ. ಬಿದ್ದರೂ ಉಬ್ಬಿ ಏಳುತ್ತೇವೆಂಬ ಭರವಸೆ. ಎದುರಿಗೆ ಬರುವ ಲಾರಿ ಟೋಪಿ ಎತ್ತೀತೆಂಬ ನಿರೀಕ್ಷೆ.

ನಾಲ್ಕನೆಯ ಸಲ ನಾನು ಕಂಡದ್ದನ್ನು ಮಾತ್ರ ಬರೆದೆ. ರೈಲು ಅಡ್ಡ ಹಾದುಹೋಗುತ್ತಿದೆ. ಗೇಟಿನ ಈಚೆ ನನ್ನಂಥದೇ ಕನ್ನಡಕದ ಹೆಂಗಸೊಬ್ಬಳು ನಿಂತಿದ್ದಾಳೆ. ಅಷ್ಟೇ.

ಬಂದದ್ದರಲ್ಲಿ ಒಂದು ತಪ್ಪಿತ್ತು. ಇಂಥ ಕಾರ್ಟೂನಿನಲ್ಲಿ ಸುಮ್ಮನೆ ನಿಲ್ಲುವ ವಸ್ತುವೇ ಇಲ್ಲ. ಮರ, ಮೋಡ, ಕಂಬ ಎಲ್ಲವೂ ತಾಳಕ್ಕೆ ಕುಪ್ಪಳಿಸುತ್ತಿರುತ್ತವೆ. ಇದರಲ್ಲೂ ಕುಪ್ಪಳಿಸುತ್ತಿದ್ದವು. ಮೂಲೆಯಲ್ಲಿದ್ದ ಕನ್ನಡಕದವಳು ಮಾತ್ರ ತಲೆಯ ಮೇಲೆ ಕೈ ಹೊತ್ತು, ಬಾಯಿ ತೆರೆದು, ಮೊದಲಿನಿಂದ ಕೊನೆಯವರೆಗೆ ಅಲ್ಲಾಡದೆ ನಿಂತಿದ್ದಳು. ರೆಪ್ಪೆಯೂ ಬಡಿಯಲಿಲ್ಲ. ಆ್ಯಪು ತನ್ನ ಶಕ್ತಿಯನ್ನೆಲ್ಲ ರೈಲಿಗೆ ಸುರಿದು, ಅವಳನ್ನು ಮರೆತುಬಿಟ್ಟಿತ್ತು.

ಕೆಟ್ಟುಹೋದ ಕ್ಲಿಪ್ಪು. ಅಳಿಸಲು ಮನಸ್ಸಾಗಲಿಲ್ಲ.

ಮೊನ್ನೆ ಭಾನುವಾರ ಮತ್ತೆ ಭದ್ರಾವತಿಗೆ ಹೋದೆ. ಅತ್ತೆ ಮಾವನ ಮುಂದೆ ತಮ್ಮ ಚಿತ್ರಗಳನ್ನು ಹಾಕಿ ಕೂತಿದ್ದರು. ಅಕ್ಕಿರೊಟ್ಟಿ ನೋಡಿ ಮಾವ ಕೆಮ್ಮು ಬರುವಷ್ಟು ನಕ್ಕರು. ಎಐ ಏನೋ ಹುಚ್ಚುಹುಚ್ಚಾಗಿ ಕಟ್ಟಿದ ಕಥೆ ಎಂದುಕೊಂಡಿದ್ದರು. ಅತ್ತೆಯೂ ಹಾಗೇ ನಂಬಿಸಿದ್ದರು.

"ಇನ್ನೇನಾದ್ರೂ ಮಾಡಿದೀಯೇನೇ?" ಎಂದರು ಅತ್ತೆ. ನಾಲ್ಕನೆಯದನ್ನು ತೋರಿಸಿದೆ.

"ಇದ್ರಲ್ಲಿ ನಾನೇ ಇಲ್ವಲ್ಲೇ."

"ರೈಲಿನ ಆಚೆ ಇದೀರಿ."

ಅತ್ತೆ ಮತ್ತೊಮ್ಮೆ ಹಾಕಿದರು. ಮೂಗಿನ ಹತ್ತಿರ ಹಿಡಿದು ಮಗದೊಮ್ಮೆ ನೋಡಿದರು.

"ಈ ಮೂಲೇಲಿ ನಿಂತಿರೋದು ನೀನಾ?"

"ಹ್ಞೂಂ."

"ಅಲ್ಲಾಡೋದೇ ಇಲ್ಲ?"

"ಆ್ಯಪಿನ ತಪ್ಪು ಅತ್ತೆ. ಮೂಲೇಲಿ ಇರೋರನ್ನ ಮರೆತುಬಿಡುತ್ತೆ."

ಅತ್ತೆ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಅವರು ಅವತ್ತು ನೋಡಿದ್ದು ಚಕ್ರ ಮತ್ತು ಡಬ್ಬಿ. ಬೆನ್ನು ನನ್ನ ಕಡೆಗಿತ್ತು.

"ಹೀಗೇ ನಿಂತಿದ್ಯಾ?"

ನಾನು ಉತ್ತರ ಕೊಡುವ ಮೊದಲೇ ಮಾವ ಕೇಳಿದರು. "ಯಾವಾಗ ನಿಂತಿದ್ಲು? ಎಲ್ಲಿ?"

ಎಐ ತಾನಾಗಿಯೇ ಸೇರಿಸಿದ್ದು ಎಂದು ಅತ್ತೆ ತೇಲಿಸಬಹುದಿತ್ತು. ನಾನೂ ಹ್ಞೂಂ ಎನ್ನುತ್ತಿದ್ದೆ. ಅತ್ತೆ ತೇಲಿಸಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು ಎಲ್ಲ ಹೇಳಿದರು. ಈ ಸಲ ರೈಲು ಎಷ್ಟು ಹತ್ತಿರವಿತ್ತೋ ಅಷ್ಟೇ ಹತ್ತಿರ ಬಂತು.

ಮಾವ ಎದ್ದರು. ಮೊಳೆಯಿಂದ ಸ್ಕೂಟಿಯ ಕೀ ತೆಗೆದರು.

"ಇಟ್ಬಿಡಿ ಬೀರುವಲ್ಲಿ," ಎಂದರು ಅತ್ತೆ. "ನಾನು ಕೇಳಲ್ಲ."

ಮಾವ ಬೀರುವಿನ ಕಡೆ ನೋಡಿದರು. ಅತ್ತೆಯ ಕಡೆ ನೋಡಿದರು. ಆಮೇಲೆ ಚಪ್ಪಲಿ ಹುಡುಕತೊಡಗಿದರು.

"ಹಿಟ್ಟು ರುಬ್ಬಿಸೋಕೆ ಹೋಗ್ಬೇಕು ಅಂದಿದ್ಯಲ್ಲ ಗಿರಿಜಾ, ನಡಿ. ನಾನು ಹಿಂದೆ ಕೂತ್ಕೋತೀನಿ."

"ನೀವಾ? ನನ್ನ ಹಿಂದೆ?"

"ಇನ್ಮೇಲೆ ಗೇಟಿನಾಚೆ ಹೋಗೋದಿದ್ರೆ ನಾನೂ ಬರ್ತೀನಿ. ನನ್ನನ್ನ ಕೂರಿಸ್ಕೊಂಡು ಅದು ಹೇಗೆ ಗಾಡಿ ಓರೆ ಮಾಡ್ತೀಯೋ ನೋಡ್ತೀನಿ."

ಮಾವನ ಹೊಟ್ಟೆಯನ್ನು ನೀವು ನೋಡಿಲ್ಲ. ನೋಡಿದ್ದರೆ ಇದೆಷ್ಟು ಪಕ್ಕಾ ಇಂಜಿನಿಯರಿಂಗ್ ಎಂದು ತಿಳಿಯುತ್ತಿತ್ತು.

"ಇದಕ್ಕಿಂತ ಬೀರುನೇ ವಾಸಿಯಿತ್ತು ಕಣೇ," ಎಂದು ಅತ್ತೆ ನನ್ನ ಕಿವಿಯಲ್ಲಿ ಗೊಣಗಿದರು. ಆದರೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡ ರೀತಿಯಲ್ಲಿ ಒಂದು ಗತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮಾವ ಮೊದಲ ಸಲ ಅವರ ಹಿಂದೆ ಕೂತರು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಹೆಲ್ಮೆಟ್ಟಿನ ಬೆಲ್ಟು ಗದ್ದಕ್ಕೆ ಬಿಗಿದು, ದಾರಿಯುದ್ದಕ್ಕೂ "ಬ್ರೇಕು, ಬ್ರೇಕು" ಎನ್ನುತ್ತಾ.

ನಾನು ನನ್ನ ಗಾಡಿಯಲ್ಲಿ ಅವರ ಹಿಂದೆ ಹೋದೆ. ಗೇಟು ಹಾಕಿತ್ತು. ನಿಂತೆವು.

ನಮ್ಮ ಮುಂದೆ ಒಬ್ಬ ಯುವಕ ಬೈಕ್ ನಿಲ್ಲಿಸಿ ಹೆಂಡತಿಯನ್ನು ಇಳಿಸಿದ. ಆಕೆಯ ಕಂಕುಳಲ್ಲಿ ಮಗು. ಬೈಕನ್ನು ಓರೆ ಮಾಡಿ ಅವನು ಕಂಬದಡಿ ತಲೆ ತಗ್ಗಿಸಿದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ.

"ತಮ್ಮಾ, ಹಿಂದೆ ತಿರುಗಿ ನೋಡು ಒಂದ್ಸಲ," ಎಂದರು ಅತ್ತೆ.

ಅವನು ತಿರುಗಿದ. "ಏನ್ರಮ್ಮಾ?"

"ನನ್ನನ್ನಲ್ಲಪ್ಪ, ಅವಳನ್ನ."

ಹೆಂಡತಿ ಮಗುವನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡಳು, ಅಷ್ಟೇ. ಅವನು ಒಂದು ಕ್ಷಣ ಅವಳ ಮುಖ ನೋಡಿದ. ಏನೋ ಗೊಣಗುತ್ತಾ ಬೈಕನ್ನು ನೆಟ್ಟಗೆ ಮಾಡಿ ಹಿಂದಕ್ಕೆ ಎಳೆದುಕೊಂಡ.

ಗೇಟಿನಡಿ ಬಗ್ಗುವ ಮುನ್ನ ಎಡಬಲ ನೋಡುವುದು ನಮಗೆಲ್ಲ ಗೊತ್ತು. ಬೆನ್ನ ಹಿಂದೆ ನಿಂತವರ ಮುಖವನ್ನು ಯಾವತ್ತಾದರೂ ನೋಡಿದ್ದೀರಾ?